ಕಂಪನಿಯ ಗುಟ್ಟು ಕಾಕಾನಿಗೂ ಹೇಳಬೇಡಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ನೌಕರಿಗೆ ಹೋದ ಮಕ್ಕಳಿಗೆ ಈ ಮಾತು. ಊರಲ್ಲೇ ಇದ್ದು ಮೊಬೈಲಿನಲ್ಲಿ ಷೇರು ಕೊಂಡು ಮಾರುವ ಮಕ್ಕಳಿಗೂ ಇದೇ ಮಾತು. ನಮ್ಮ ವಯಸ್ಸಿನವರಿಗೆ ಷೇರು ಪೇಟೆ ಎಂದರೆ ಮುಂಬೈಯವರ ಉಸಾಬರಿ. ನಿಮಗೆ ಹಾಗಲ್ಲ. ಆಧಾರ್, ಪ್ಯಾನ್, ಒಂದು ಬ್ಯಾಂಕ್ ಖಾತೆ ಇದ್ದರೆ ಕಟ್ಟೆ ಮೇಲೆ ಕೂತೇ ಡಿಮ್ಯಾಟ್ ಖಾತೆ ತೆರೆಯುತ್ತೀರಿ. ತೆರೆಯಿರಿ. ದುಡಿದ ರೊಕ್ಕ ಬೆಳೆಯಲಿ ಅನ್ನುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪೇಟೆಯಲ್ಲಿ ಮಾಡಲೇಬಾರದ ಎರಡು ಕೆಲಸಗಳಿವೆ. ಕಂಪನಿಯ ಒಳಗಿನ ಗುಟ್ಟು ತಿಳಿದುಕೊಂಡು, ಅದು ಹೊರಗೆ ಬರುವ ಮುಂಚೆ ಕೊಳ್ಳುವುದು ಅಥವಾ ಮಾರುವುದು ಒಂದು. ನಾಲ್ಕು ಮಂದಿ ಸೇರಿ ಇಲ್ಲದ ಬೆಲೆಯನ್ನು ಇದೆ ಎಂದು ತೋರಿಸುವುದು ಇನ್ನೊಂದು. ಎರಡಕ್ಕೂ ದಂಡ ಇದೆ, ಜೈಲೂ ಇದೆ. ದಂಡದ ಮಾತು ಆಮೇಲೆ ಹೇಳುತ್ತೇನೆ. ಮೊದಲು ಇದು ಯಾಕೆ ತಪ್ಪು ಎಂಬುದು ಗಟ್ಟಿಯಾಗಲಿ.

ತೊಗರಿ ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ. ನಾನು ಬಾಳಿನ ಬಹುಪಾಲು ಅಡತ್ ಅಂಗಡಿಯಲ್ಲಿ ಲೆಕ್ಕ ಬರೆದವನು, ಬೆಲೆ ಹೇಗೆ ಹುಟ್ಟುತ್ತದೆ ಎಂದು ಹತ್ತಿರದಿಂದ ಕಂಡವನು. ರಾಶಿ ಮುಗಿದು ಜನವರಿ ಬಂದರೆ ಚೀಲಗಳು ಟ್ರ್ಯಾಕ್ಟರ್ ಏರಿ ಗಂಜಿಗೆ, ಅಂದರೆ ಕಾಳಿನ ಪೇಟೆಗೆ, ಬರುತ್ತವೆ. ಅಂಗಡಿ ಮುಂದೆ ಹಮಾಲರು ಕಾಳು ಸುರಿಯುತ್ತಾರೆ. ಖರೀದಿದಾರ ಬಗ್ಗಿ ಬೊಗಸೆ ತುಂಬ ಎತ್ತಿ, ಅಂಗೈ ಮೇಲೆ ಹರವಿ, ಹೊಟ್ಟು ಊದಿ, ಒಂದು ಕಾಳು ಹಲ್ಲಿನ ನಡುವೆ ಇಟ್ಟು ಕಡಿಯುತ್ತಾನೆ. ಕಟ್ ಎಂದು ಒಡೆದರೆ ಒಣಗಿದೆ, ಮೆತ್ತಗಾದರೆ ಹಸಿ ಇದೆ. ಅಲ್ಲಿಯವರೆಗೆ ರೈತನೂ ಅವನೂ ಸರಿಸಮ. ಕಾಳು ಇಬ್ಬರ ಎದುರಿಗೂ ಇದೆ, ಮುಚ್ಚಿಟ್ಟಿದ್ದೇನೂ ಇಲ್ಲ.

ಬೆಲೆಯ ಮಾತು ಬಂದಾಗಲೇ ಅಂತರ ಕಾಣುವುದು. ಬರ್ಮಾದಿಂದ ಎಷ್ಟು ತೊಗರಿ ಬರುತ್ತಿದೆ, ಆಫ್ರಿಕಾದ ಮೊಜಾಂಬಿಕ್‌ನಿಂದ ಹಡಗು ಹೊರಟಿದೆಯೋ ಇಲ್ಲವೋ, ದಾಲ್ ಮಿಲ್ಲುಗಳಲ್ಲಿ ದಾಸ್ತಾನು ಎಷ್ಟಿದೆ, ಇವೆಲ್ಲ ಖರೀದಿದಾರನಿಗೆ ಗೊತ್ತು, ರೈತನಿಗೆ ಗೊತ್ತಿಲ್ಲ. ಇದನ್ನು ನಾನು ಮೋಸ ಎನ್ನುವುದಿಲ್ಲ. ಅವನು ಹತ್ತು ಕಡೆ ಫೋನು ಮಾಡಿ, ಪೇಪರು ಓದಿ, ತಲೆ ಓಡಿಸಿ ತಿಳಿದುಕೊಂಡದ್ದು. ಶ್ರಮಪಟ್ಟರೆ ರೈತನ ಮಗನೂ ತಿಳಿದುಕೊಳ್ಳಬಹುದು, ಈಗ ತಿಳಿದುಕೊಳ್ಳುತ್ತಿದ್ದಾರೆ ಕೂಡ. ಆದರೆ ಆಮದು ಸುಂಕ ತೆಗೆಯುವ ಆದೇಶ ನಾಳೆ ಹೊರಡುತ್ತದೆ ಎಂದು ಕಚೇರಿಯ ಒಳಗಿನವನೊಬ್ಬ ಇವತ್ತು ಒಬ್ಬ ವ್ಯಾಪಾರಿಯ ಕಿವಿಯಲ್ಲಿ ಊದಿದ ಎಂದುಕೊಳ್ಳಿ. ಆ ವ್ಯಾಪಾರಿ ತನ್ನ ಗೋದಾಮನ್ನೆಲ್ಲ ಇವತ್ತೇ ಖಾಲಿ ಮಾಡುತ್ತಾನೆ. ಕೊಂಡವನು ನಾಳೆ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಅವನು ಎಷ್ಟೇ ಓದಿದ್ದರೂ, ಎಷ್ಟೇ ಜಾಣನಿದ್ದರೂ ಆ ಆದೇಶ ಅವನ ಕಣ್ಣಿಗೆ ಬೀಳುವ ದಾರಿಯೇ ಇರಲಿಲ್ಲ. ತಪ್ಪು ಇರುವುದು ಅಲ್ಲಿ.

2023ರ ಜೂನ್ 2ರಂದು ಕೇಂದ್ರ ಸರ್ಕಾರ ತೊಗರಿ, ಉದ್ದಿನ ದಾಸ್ತಾನಿಗೆ ಮಿತಿ ಹಾಕಿತು. ಸಗಟು ವ್ಯಾಪಾರಿ 200 ಟನ್, ಚಿಲ್ಲರೆ ಅಂಗಡಿಯವರು 5 ಟನ್ ದಾಟುವಂತಿಲ್ಲ ಎಂದಿತು. ಆ ಸೆಪ್ಟೆಂಬರಿನಲ್ಲಿ ಸಗಟಿನವರ ಮಿತಿಯನ್ನು 50 ಟನ್ನಿಗೆ ಇಳಿಸಿತು. ಇಂಥ ಆದೇಶ ಒಂದು ದಿನ ಮುಂಚೆ ಗೊತ್ತಾದರೆ ಎಷ್ಟು ಬೆಲೆ ಬಾಳುತ್ತದೆ ಎಂದು ಗಂಜಿನಲ್ಲಿ ಓಡಾಡಿದ ಯಾರನ್ನಾದರೂ ಕೇಳಿ. ಹಾಗೆ ಯಾರೋ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಸರ್ಕಾರದ ಒಂದು ಸಾಲು ಎಷ್ಟು ಚೀಲಗಳ ಬೆಲೆ ಏರಿಳಿಸಬಲ್ಲದು ಎಂಬುದಷ್ಟೇ ನನ್ನ ಮಾತು. ಮುಂದೆ ನಿಮ್ಮಲ್ಲಿ ಯಾರಾದರೂ ಅಂಥ ಕಚೇರಿಯಲ್ಲಿ ಕೂರಬಹುದು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದಿದ ಮಕ್ಕಳು ದಿಲ್ಲಿಯವರೆಗೂ ಹೋಗುತ್ತಿದ್ದಾರೆ.

ಇನ್ನು ಬೆಲೆ ಕಟ್ಟುವ ಮೋಸ. ಹಿಂದೆ ದನದ ಸಂತೆಯಲ್ಲಿ, ಕಾಳಿನ ಪೇಟೆಯಲ್ಲಿ ರುಮಾಲಿನ ಕೆಳಗೆ ಬೆರಳು ಹಿಡಿದು ರೇಟು ಹೇಳುತ್ತಿದ್ದರು. ಮಾರುವವನ ಎದುರಿಗೇ ವ್ಯವಹಾರ, ಅವನಿಗೇ ಕಾಣದು. ಆಮೇಲೆ ಬಹಿರಂಗ ಸವಾಲು ಬಂತು. ಸವಾಲಿನಲ್ಲೂ ನಾಲ್ಕು ಖರೀದಿದಾರರು ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಕೂತು, ಇವತ್ತು ಇಷ್ಟರ ಮೇಲೆ ಯಾರೂ ಕೂಗಬಾರದು ಎಂದು ಒಪ್ಪಿಕೊಂಡರೆ ಮುಗಿಯಿತು. ಸವಾಲು ನಡೆದಂತೆ ಕಾಣುತ್ತದೆ, ಪೈಪೋಟಿ ಇರುವುದಿಲ್ಲ. ಕರ್ನಾಟಕ ಸರ್ಕಾರ 2014ರಲ್ಲಿ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ಟೆಂಡರ್ ವ್ಯವಸ್ಥೆಗೆ ಜೋಡಿಸಲು ಹೊರಟಿದ್ದು ಇಂಥದ್ದನ್ನು ಮುರಿಯಲಿಕ್ಕೇ. ಬೇರೆ ಊರಿನ ಖರೀದಿದಾರನೂ ರೇಟು ಹಾಕಬಹುದು, ಒಬ್ಬರ ರೇಟು ಇನ್ನೊಬ್ಬರಿಗೆ ಮೊದಲೇ ಕಾಣುವುದಿಲ್ಲ. ಪೂರ್ತಿ ಗುಣವಾಯಿತು ಎನ್ನಲಾರೆ, ದಾರಿ ಮಾತ್ರ ಸರಿ.

ಷೇರು ಪೇಟೆಯ ಕಾನೂನು ಹೇಳುವುದೂ ಇದನ್ನೇ. ಕೊಳ್ಳುವವನಿಗೂ ಮಾರುವವನಿಗೂ ತಿಳಿಯಲು ಸಮಾನ ಅವಕಾಶ ಇರಲಿ, ಬೆಲೆ ಖರೇ ಇರಲಿ. ಒಂದು ವಿಷಯ ಮಾತ್ರ ಸ್ಪಷ್ಟವಿರಲಿ. ಒಳಗಿನ ಗುಟ್ಟಿನ ಮೇಲೆ ವಹಿವಾಟು ಮಾಡುವುದನ್ನು ಇನ್‌ಸೈಡರ್ ಟ್ರೇಡಿಂಗ್ ಎನ್ನುತ್ತಾರೆ. ಅದನ್ನು ತಡೆಯುವ ನಿಯಮ ಷೇರಿನಂಥ ಪತ್ರಗಳಿಗೆ, ಗಂಜಿನ ತೊಗರಿ ಚೀಲಕ್ಕೆ ಅಲ್ಲ. ತೊಗರಿಗೂ ಒಂದು ಕಾಲದಲ್ಲಿ ವಾಯಿದಾ ಪೇಟೆ, ಅಂದರೆ ಮುಂದಿನ ದಿನದ ಮಾಲಿಗೆ ಇವತ್ತೇ ಬೆಲೆ ಕಟ್ಟುವ ಪೇಟೆ, ಇತ್ತು. ಬೇಳೆ ಬೆಲೆ ಏರಿತೆಂದು ಕೂಗೆದ್ದಾಗ 2007ರ ಜನವರಿಯಲ್ಲಿ ತೊಗರಿ, ಉದ್ದಿನ ವಾಯಿದಾ ವ್ಯಾಪಾರವನ್ನೇ ಸರ್ಕಾರ ನಿಲ್ಲಿಸಿತು. ವಾಯಿದಾ ವ್ಯಾಪಾರದಿಂದಲೇ ಬೆಲೆ ಏರಿತೇ ಎಂದು ನೋಡಲು ಅಭಿಜಿತ್ ಸೇನ್ ಸಮಿತಿ ನೇಮಕವಾಯಿತು. 2008ರಲ್ಲಿ ಬಂದ ಅದರ ವರದಿ ಹಾಗೆಂದು ಖಚಿತವಾಗಿ ಹೇಳಲಿಲ್ಲ. ಪೇಟೆಯನ್ನೇ ಮುಚ್ಚುವುದು ಸುಲಭದ ದಾರಿ, ಪೇಟೆಯೊಳಗಿನ ಕಳ್ಳನನ್ನು ಹಿಡಿಯುವುದು ಕಷ್ಟದ ದಾರಿ. ಷೇರಿನ ವಿಷಯದಲ್ಲಿ ದೇಶ ಕಷ್ಟದ ದಾರಿ ಹಿಡಿದಿದೆ. ಅದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ.

ಆ ದಾರಿಗೆ ಬಂದದ್ದು ಪೆಟ್ಟು ತಿಂದ ಮೇಲೆಯೇ. 1992ರಲ್ಲಿ ಮುಂಬೈಯ ಷೇರು ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣ ಬಯಲಾಯಿತು. ಬ್ಯಾಂಕುಗಳ ರೊಕ್ಕ ಷೇರಿಗೆ ಹರಿದು, ಎಸಿಸಿ ಸಿಮೆಂಟಿನಂಥ ಷೇರು ಕೆಲವೇ ತಿಂಗಳಲ್ಲಿ ಆಕಾಶಕ್ಕೆ ಏರಿ ಬಿತ್ತು. ಅದು ಮುಂಬೈಯದ್ದು ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾ, ಫೇರ್‌ಗ್ರೋತ್ ಎಂಬ ಹಣಕಾಸು ಕಂಪನಿ, ಎರಡೂ ಬೆಂಗಳೂರಿನವು, ಎರಡರ ಹೆಸರೂ ಆ ಹಗರಣದಲ್ಲಿ ಕೇಳಿಬಂತು. ಷೇರು ಪೇಟೆ ಕಾಯುವ ಸಂಸ್ಥೆ ಸೆಬಿ ಹುಟ್ಟಿದ್ದು 1988ರಲ್ಲಿ, ಆದರೆ ಅದಕ್ಕೆ ಕಾನೂನಿನ ಬಲ ಬಂದದ್ದು 1992ರಲ್ಲೇ. ಇನ್‌ಸೈಡರ್ ಟ್ರೇಡಿಂಗ್ ತಡೆಯುವ ಮೊದಲ ನಿಯಮ ಬಂದದ್ದೂ ಆ ವರ್ಷದ ಕೊನೆಗೆ.

ಮೊದಲ ದೊಡ್ಡ ಪ್ರಕರಣ 1996ರದ್ದು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. ಹಿಂದೂಸ್ತಾನ್ ಲಿವರ್ ಕಂಪನಿಯಲ್ಲಿ ಬ್ರೂಕ್ ಬಾಂಡ್ ಲಿಪ್ಟನ್ ಕಂಪನಿ ವಿಲೀನವಾಗುವುದಿತ್ತು. ಎರಡಕ್ಕೂ ಯೂನಿಲಿವರ್ ಒಂದೇ ತಾಯಿ. ವಿಲೀನ ಘೋಷಣೆಯಾಗುವ ಕೆಲವೇ ವಾರ ಮುಂಚೆ ಹಿಂದೂಸ್ತಾನ್ ಲಿವರ್ ಯುಟಿಐ ಎಂಬ ಮ್ಯೂಚುವಲ್ ಫಂಡ್ ಸಂಸ್ಥೆಯಿಂದ ಬ್ರೂಕ್ ಬಾಂಡ್‌ನ 8 ಲಕ್ಷ ಷೇರು ಕೊಂಡಿತು. ಯುಟಿಐ ಎಂದರೆ ಯಾರ ರೊಕ್ಕ? ಯೂನಿಟ್ 64 ಯೋಜನೆಯಲ್ಲಿ ಸಾಲಿ ಮಾಸ್ತರರು, ಪೋಸ್ಟ್ ಆಫೀಸಿನವರು ಸಂಬಳ ಉಳಿಸಿ ಹಾಕಿದ ರೊಕ್ಕ. 1998ರಲ್ಲಿ ಸೆಬಿ ಇದನ್ನು ಇನ್‌ಸೈಡರ್ ಟ್ರೇಡಿಂಗ್ ಎಂದು ತೀರ್ಮಾನಿಸಿ, ಯುಟಿಐಗೆ 3.04 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಕಂಪನಿ ಮೇಲ್ಮನವಿ ಹಾಕಿತು. ವಿಲೀನದ ಸುದ್ದಿ ಆಗಲೇ ಪತ್ರಿಕೆಗಳಲ್ಲಿ ಓಡಾಡುತ್ತಿತ್ತು ಎಂಬ ವಾದಕ್ಕೆ ಮನ್ನಣೆ ಸಿಕ್ಕಿ ಆ ಆದೇಶ ಬಿದ್ದುಹೋಯಿತು. ಸೆಬಿ ಸೋತರೂ ಅದರಿಂದ ಕಾನೂನು ಪಾಠ ಕಲಿಯಿತು. 2002ರಲ್ಲಿ ನಿಯಮ ಬಿಗಿ ಮಾಡಿದರು. ನ್ಯಾಯಮೂರ್ತಿ ಸೋಧಿ ಸಮಿತಿಯ ಶಿಫಾರಸಿನ ಮೇಲೆ 2015ರಲ್ಲಿ ಪೂರ್ತಿ ಹೊಸದಾಗಿ ಬರೆದರು. ಈಗ ನಡೆಯುತ್ತಿರುವುದು ಆ 2015ರ ನಿಯಮ.

ನೌಕರಿಯಲ್ಲಿರುವ ಮಕ್ಕಳೇ, ಇನ್ನು ಮುಂದಿನದು ನಿಮಗೆ.

ಷೇರು ಪೇಟೆಯಲ್ಲಿ ಪಟ್ಟಿಯಾದ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಜನರಿಗಿಂತ ಮುಂಚೆ ಕೆಲವು ವಿಷಯ ಗೊತ್ತಾಗುತ್ತವೆ. ಮೂರು ತಿಂಗಳ ಲಾಭ ನಷ್ಟ, ಡಿವಿಡೆಂಡ್, ಬೋನಸ್ ಷೇರು, ಇನ್ನೊಂದು ಕಂಪನಿಯ ಖರೀದಿ, ದೊಡ್ಡ ಗುತ್ತಿಗೆ ಸಿಕ್ಕಿದ್ದು ಅಥವಾ ಕೈ ತಪ್ಪಿದ್ದು. ಪ್ರಕಟವಾದರೆ ಷೇರಿನ ಬೆಲೆ ಅಲುಗಾಡಿಸುವ ಇಂಥ ಯಾವ ವಿಷಯವೂ, ಪ್ರಕಟವಾಗುವ ತನಕ, ನಿಮ್ಮದಲ್ಲ. ಅದನ್ನು ಇಟ್ಟುಕೊಂಡು ನೀವು ವಹಿವಾಟು ಮಾಡುವಂತಿಲ್ಲ. ಇನ್ನೊಬ್ಬರಿಗೆ ಹೇಳುವುದೂ ಅಪರಾಧ, ಹೇಳು ಎಂದು ಪೀಡಿಸುವುದೂ ಅಪರಾಧ. ಹೇಳಿದ್ದಕ್ಕೆ ನಿಮಗೆ ಒಂದು ಪೈಸೆ ಸಿಗದಿದ್ದರೂ ತಪ್ಪು ತಪ್ಪೇ. ನಾನು ದೊಡ್ಡ ಅಧಿಕಾರಿ ಅಲ್ಲ, ನನಗೇನು ಸಂಬಂಧ ಎನ್ನಬೇಡಿ. ಲೆಕ್ಕ ಪತ್ರ ಟೈಪ್ ಮಾಡುವವರು, ಸಾಫ್ಟ್‌ವೇರ್ ನೋಡಿಕೊಳ್ಳುವವರು, ಆಡಿಟರ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಮಾಡುವ ಹುಡುಗಿ, ಕಂಪನಿಯ ವಕೀಲರ ಗುಮಾಸ್ತ, ಎಲ್ಲರೂ ಅದರಲ್ಲಿ ಬರುತ್ತಾರೆ. ವಿಷಯ ಕೈಯಲ್ಲಿದ್ದವನೇ ಇನ್‌ಸೈಡರ್, ಅವನ ಹುದ್ದೆ ಯಾವುದೇ ಇರಲಿ.

ಊರಿಗೆ ಬಂದಾಗ ಏನಾಗುತ್ತದೆ ನನಗೆ ಗೊತ್ತು. ಜಾತ್ರೆಗೋ ಲಗ್ನಕ್ಕೋ ಬಂದಿರುತ್ತೀರಿ. ಊಟದ ಪಂಕ್ತಿಯಲ್ಲಿ ಕಾಕಾ ಪಕ್ಕಕ್ಕೆ ಕೂತು, "ಏನಪಾ ತಮ್ಮಾ, ನಿಮ್ಮ ಕಂಪನಿ ಷೇರು ತಗೋಬೇಕೋ ಬ್ಯಾಡೋ? ಏನರೆ ಸುದ್ದಿ ಇದ್ರ ಹೇಳು, ನಾವೇನ್ ಹೊರಗಿನವರಾ?" ಎನ್ನುತ್ತಾನೆ. ಪ್ರೀತಿಯಿಂದಲೇ ಕೇಳುತ್ತಾನೆ. ಹೇಳದಿದ್ದರೆ, ಪಟ್ಟಣ ಸೇರಿ ಮಗ ಸೊಕ್ಕಿನವನಾದ ಎಂಬ ಮಾತು ಬರುತ್ತದೆ. ಹೇಳಿದರೆ ಕಾನೂನಿನಲ್ಲಿ ಇಬ್ಬರೂ ಸಿಕ್ಕಿಬೀಳುತ್ತೀರಿ. ಕಾಕಾನ ಖಾತೆಯಲ್ಲಿ ವಹಿವಾಟು ನಡೆದರೆ ನಿಮ್ಮ ಹೆಸರು ಬರುವುದಿಲ್ಲ ಎಂದುಕೊಂಡವರೇ ಹೆಚ್ಚು ಸಿಕ್ಕಿಬೀಳುವುದು.

2024ರ ಡಿಸೆಂಬರ್‌ನಲ್ಲಿ ಈ ನಿಯಮಕ್ಕೆ ತಿದ್ದುಪಡಿ ಬಂತು. ಸಂಬಂಧಿ ಎಂದರೆ ಯಾರು ಎಂಬುದನ್ನು ವಿಸ್ತರಿಸಿದರು. ಗಂಡ ಅಥವಾ ಹೆಂಡತಿ, ಅಪ್ಪ ಅವ್ವ, ಅತ್ತೆ ಮಾವ, ನಿಮ್ಮ ಅಣ್ಣ ತಮ್ಮ ಅಕ್ಕ ತಂಗಿ, ಗಂಡನ ಅಥವಾ ಹೆಂಡತಿಯ ಒಡಹುಟ್ಟಿದವರು, ಮಕ್ಕಳು, ಅಳಿಯ ಸೊಸೆ, ಭಾವ ಅತ್ತಿಗೆ ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಕಾಕಾನ ಹೆಸರು ಅದರಲ್ಲಿ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಪಟ್ಟಿಯಲ್ಲಿ ಇಲ್ಲದಿದ್ದರೇನು, ಗುಟ್ಟು ಕೈಗೆ ಸಿಕ್ಕ ಕ್ಷಣ ಅವನೂ ಇನ್‌ಸೈಡರ್ ಆಗುತ್ತಾನೆ. ಸಂಬಂಧ ಇದ್ದ ಮಾತ್ರಕ್ಕೆ ಅಪರಾಧಿ ಆಗುವುದಿಲ್ಲ ಎಂಬುದೂ ನಿಜ. ಪಿಸಿ ಜ್ಯುವೆಲ್ಲರ್ ಎಂಬ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ, ಬರೀ ನೆಂಟಸ್ತಿಕೆ ಸಾಲದು, ಗುಟ್ಟು ದಾಟಿತು ಎಂಬುದಕ್ಕೆ ಪುರಾವೆ ಬೇಕು ಎಂದು ಹೇಳಿ ಆರೋಪ ಹೊತ್ತವರನ್ನು ಬಿಟ್ಟಿತು. ಒಳ್ಳೆಯ ತೀರ್ಪು. ಆದರೆ ಆ ಪುರಾವೆ ಹುಡುಕುವ ಸಾಧನಗಳು ಸೆಬಿಯ ಹತ್ತಿರ ಈಗ ಬಹಳ ಇವೆ. ಯಾರು ಯಾರಿಗೆ ಯಾವಾಗ ಫೋನು ಮಾಡಿದರು, ಯಾರ ಖಾತೆಯಿಂದ ಯಾರ ಖಾತೆಗೆ ರೊಕ್ಕ ಹೋಯಿತು, ವರ್ಷವೆಲ್ಲ ಮಲಗಿದ್ದ ಖಾತೆ ಫಲಿತಾಂಶದ ಹಿಂದಿನ ದಿನವೇ ಯಾಕೆ ಎದ್ದಿತು, ಫೇಸ್‌ಬುಕ್ಕಿನಲ್ಲಿ ಯಾರ ಫೋಟೋಕ್ಕೆ ಯಾರು ಲೈಕ್ ಒತ್ತಿದರು, ಎಲ್ಲವನ್ನೂ ಜೋಡಿಸಿ ನೋಡುತ್ತಾರೆ.

ಬೆಂಗಳೂರಿನ ಹತ್ತಿರದ ಉದಾಹರಣೆ ಕೊಡುತ್ತೇನೆ. ಇನ್ಫೋಸಿಸ್‌ನ 2020ರ ಜೂನ್ ತ್ರೈಮಾಸಿಕದ ಫಲಿತಾಂಶಕ್ಕೆ ಮುಂಚೆ ನಡೆದ ಕೆಲವು ವಹಿವಾಟುಗಳ ಮೇಲೆ ಸಂಶಯ ಬಂದು, 2021ರ ಮೇ 31ರಂದು ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ಎಂಟು ಹೆಸರುಗಳನ್ನು ಪೇಟೆಯಿಂದ ಹೊರಗಿಟ್ಟಿತು, 3 ಕೋಟಿಗೂ ಮಿಕ್ಕ ಮೊತ್ತ ತಡೆಹಿಡಿಯಿತು. ಅವರಲ್ಲಿ ಕಂಪನಿಯ ನೌಕರರೂ ಇದ್ದರು. ಮಧ್ಯಂತರ ಆದೇಶ ಎಂದರೆ ಆರೋಪ ರುಜುವಾಯಿತು ಎಂದಲ್ಲ, ಇದನ್ನು ಮರೆಯಬೇಡಿ. ಆದರೆ ಆದೇಶ ಬಂದ ದಿನದಿಂದ ಖಾತೆ ಮುಟ್ಟುವಂತಿಲ್ಲ, ಹೆಸರು ಪತ್ರಿಕೆಯಲ್ಲಿ, ವಕೀಲರ ಫೀಸು ಬೇರೆ. ನಿರ್ದೋಷಿ ಎಂದು ಹೊರಬರುವಷ್ಟರಲ್ಲಿ ವರ್ಷಗಳೇ ಉರುಳಿರುತ್ತವೆ. ಸಾಲ ಮಾಡಿ ಓದಿಸಿದ ತಂದೆತಾಯಿಯ ಮಗನಿಗೆ ಆ ವರ್ಷಗಳನ್ನು ಕಳೆದುಕೊಳ್ಳುವ ಶಕ್ತಿ ಇಲ್ಲ.

ದಂಡದ ಲೆಕ್ಕ ಹೀಗಿದೆ. ಇನ್‌ಸೈಡರ್ ಟ್ರೇಡಿಂಗ್ ಸಾಬೀತಾದರೆ ಕನಿಷ್ಠ 10 ಲಕ್ಷ ರೂಪಾಯಿ. ಹೆಚ್ಚೆಂದರೆ 25 ಕೋಟಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಯಾವುದು ಜಾಸ್ತಿಯೋ ಅದು. ಗಳಿಸಿದ ಲಾಭ ಬಡ್ಡಿ ಸಮೇತ ವಾಪಸ್ ಕಕ್ಕಬೇಕು. ಕೋರ್ಟಿನಲ್ಲಿ ಮೊಕದ್ದಮೆ ಹೂಡಿದರೆ ಹತ್ತು ವರ್ಷದವರೆಗೆ ಜೈಲಿಗೂ ಅವಕಾಶ ಇದೆ. ಇಪ್ಪತ್ತು ಸಾವಿರದ ಲಾಭಕ್ಕೆ ಹತ್ತು ಲಕ್ಷದ ಕುತ್ತು.

ನೌಕರಿ ಸೇರಿದ ವಾರದಲ್ಲೇ ಕಂಪನಿಯ ನೀತಿ ಸಂಹಿತೆ ಕೇಳಿ ಓದಿ. ಸಹಿ ಹಾಕಿ ಮೂಲೆಗೆ ಬಿಸಾಡಬೇಡಿ. ಒಳಗಿನ ವಿಷಯ ತಿಳಿಯುವ ಸ್ಥಾನದಲ್ಲಿದ್ದರೆ ನೀವು, ನಿಮ್ಮ ಹತ್ತಿರದವರು ಆ ಕಂಪನಿಯ ಷೇರು ಮುಟ್ಟಬಾರದ ದಿನಗಳಿವೆ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಬಾಗಿಲು ಮುಚ್ಚಿರುತ್ತದೆ. ಒಮ್ಮೆ ಕೊಂಡರೆ ಆರು ತಿಂಗಳು ಮಾರುವಂತಿಲ್ಲ, ಮಾರಿದರೆ ಆರು ತಿಂಗಳು ಕೊಳ್ಳುವಂತಿಲ್ಲ. ಹೆಂಡತಿಯ ಹೆಸರಿನಲ್ಲಿ ಖಾತೆ ಇದ್ದರೆ ಅವಳನ್ನೂ ಕೂರಿಸಿ ಇದನ್ನು ಹೇಳಿ. ಎಷ್ಟೋ ಕಡೆ ಗಂಡ ಫೋನಿನಲ್ಲಿ ಮಾತಾಡಿದ್ದು ಕೇಳಿಸಿಕೊಂಡು ಹೆಂಡತಿ ಒಳ್ಳೆಯದೇ ಮಾಡಲು ಹೋಗಿ ಇಬ್ಬರೂ ಕಷ್ಟಕ್ಕೆ ಬೀಳುತ್ತಾರೆ.

ಹಾಗಾದರೆ ತಿಳಿವಳಿಕೆಯಿಂದ ಲಾಭ ಮಾಡುವುದೇ ತಪ್ಪೇ? ಖಂಡಿತ ಅಲ್ಲ. ಇಲ್ಲಿ ಹುಡುಗರು ಗೊಂದಲ ಮಾಡಿಕೊಳ್ಳುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. 2022ರ ಕೊನೆಗೆ ನಮ್ಮ ಜಿಲ್ಲೆಯಲ್ಲಿ ತೊಗರಿಗೆ ನೆಟೆ ರೋಗ ಬಂದು ನಿಂತ ಬೆಳೆ ನಿಂತಲ್ಲೇ ಒಣಗಿತು. ಜೇವರ್ಗಿಯ ಒಬ್ಬ ರೈತ ತನ್ನ ಹೊಲ ನೋಡಿ, ಸುತ್ತಲಿನ ಹತ್ತು ಹಳ್ಳಿ ತಿರುಗಿ, ಈ ಸಲ ಬೆಲೆ ಏರುತ್ತದೆ ಎಂದು ಲೆಕ್ಕ ಹಾಕಿ ತನ್ನ ಹಳೆಯ ದಾಸ್ತಾನು ಹಿಡಿದಿಟ್ಟುಕೊಂಡರೆ ಅದು ಅವನ ಜಾಣತನ. ಮುಂದಿನ ವರ್ಷ ತೊಗರಿ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿತು. ಒಣಗಿದ ಗಿಡ ರಸ್ತೆಯಲ್ಲಿ ಹೋಗುವ ಎಲ್ಲರಿಗೂ ಕಾಣುತ್ತಿತ್ತು, ನೋಡಿದವರು ನೋಡಿದರು. ಅಫಜಲಪುರ ತಾಲೂಕಿನ ಹವಳಗಾದಲ್ಲಿ ರೇಣುಕಾ ಶುಗರ್ಸ್ ಕಾರ್ಖಾನೆ ಇದೆ, ಅದು ಷೇರು ಪೇಟೆಯಲ್ಲಿರುವ ಕಂಪನಿ. ಹಂಗಾಮಿನಲ್ಲಿ ರಸ್ತೆ ಬದಿ ನಿಂತು ಕಬ್ಬಿನ ಟ್ರ್ಯಾಕ್ಟರ್ ಎಣಿಸಿ, ಭೀಮಾ ನದಿಯ ನೀರು ನೋಡಿ, ಸಕ್ಕರೆ ದರ ಓದಿ, ಈ ವರ್ಷ ಹೇಗೆ ಎಂದು ಅಂದಾಜು ಮಾಡುವ ಹಕ್ಕು ಊರಿನ ಪ್ರತಿಯೊಬ್ಬನಿಗೂ ಇದೆ. ಅದು ಓದು, ಅದು ಸಂಶೋಧನೆ. ಯಾವುದೇ ಕಂಪನಿಯ ಲೆಕ್ಕದ ಕೋಣೆಯಲ್ಲಿ ಕೂತವನು ಪ್ರಕಟವಾಗದ ಫಲಿತಾಂಶವನ್ನು ನಿಮಗೆ ಫೋನಿನಲ್ಲಿ ಹೇಳಿದರೆ ಮಾತ್ರ ಅದು ಬೇರೆ ಜಾತಿಯ ವಿಷಯ. ನೋಡಿ ತಿಳಿದುಕೊಳ್ಳಿ, ಎಣಿಸಿ ತಿಳಿದುಕೊಳ್ಳಿ, ಓದಿ ತಿಳಿದುಕೊಳ್ಳಿ. ಕದ್ದು ತಿಳಿದುಕೊಳ್ಳಬೇಡಿ.

ಊರಲ್ಲಿರುವ ಹುಡುಗರೇ, ನಿಮಗೆ ಒಳಗಿನ ಗುಟ್ಟು ಸಿಗುವ ಸಂಭವ ಕಡಿಮೆ. ನಿಮ್ಮನ್ನು ಹಿಡಿಯುವುದು ಎರಡನೆಯ ಬಲೆ.

ಟೆಲಿಗ್ರಾಮ್‌ನಲ್ಲಿ ಒಂದು ಗುಂಪಿಗೆ ಯಾರೋ ನಿಮ್ಮನ್ನು ಸೇರಿಸುತ್ತಾರೆ. ಒಂದು ಕಂಪನಿಯ ಹೆಸರು ಬರುತ್ತದೆ. ನೀವು ಕೇಳಿಯೇ ಇರುವುದಿಲ್ಲ, ಷೇರು ಐದೋ ಹತ್ತೋ ರೂಪಾಯಿಯದು. ಬೆಳಿಗ್ಗೆ 9.15ಕ್ಕೆ ಪೇಟೆ ತೆರೆಯುತ್ತದೆ, 9.20ಕ್ಕೆ "ಒಳಗಿನ ಖಬರ್ ಇದೆ, ತಗೊಳ್ಳಿ" ಎಂದು ಸಂದೇಶ. ಬೆಲೆ ನಿಜಕ್ಕೂ ಏರುತ್ತಿರುತ್ತದೆ. ಯಾಕೆಂದರೆ ಆ ಗುಂಪು ನಡೆಸುವವರು ತಿಂಗಳ ಮುಂಚೆಯೇ ಕಡಿಮೆಗೆ ಕೊಂಡು ಗುಡ್ಡೆ ಹಾಕಿರುತ್ತಾರೆ. ಆಮೇಲೆ ತಮ್ಮದೇ ನಾಲ್ಕು ಖಾತೆಗಳ ನಡುವೆ ಈ ಕೈಯಿಂದ ಮಾರಿ ಆ ಕೈಯಿಂದ ಕೊಂಡು ಬೆಲೆ ಏರಿಸಿರುತ್ತಾರೆ. ಏರುವುದನ್ನು ನೋಡಿ ನೀವು ಕೊಳ್ಳುತ್ತೀರಿ, ನಿಮಗೆ ಮಾರುವವರು ಅವರೇ. ಗುಡ್ಡೆ ಖಾಲಿಯಾದ ಮೇಲೆ ಬೆಲೆ ದಿನಾ ಇಳಿಯುತ್ತದೆ, ಕೊಳ್ಳುವವರೇ ಇರುವುದಿಲ್ಲ, ಮಾರಲು ಹೋದರೂ ಆಗುವುದಿಲ್ಲ. ಗುಂಪಿನಲ್ಲಿ ಕೇಳಿದರೆ ನಿಮ್ಮನ್ನು ತೆಗೆದುಹಾಕುತ್ತಾರೆ.

ಇದು ಕಲ್ಪನೆಯಲ್ಲ. 2022ರ ಜುಲೈನಲ್ಲಿ ಸಾಧನಾ ಬ್ರಾಡ್‌ಕಾಸ್ಟ್ ಎಂಬ ಕಂಪನಿಯ ಷೇರಿನ ಬಗ್ಗೆ ಯೂಟ್ಯೂಬ್‌ನಲ್ಲಿ ವಿಡಿಯೋಗಳು ಬಂದವು. ಅದಾನಿ ಸಮೂಹ ಈ ಕಂಪನಿಯನ್ನು ಕೊಳ್ಳುತ್ತದೆ ಎಂದು ಆ ವಿಡಿಯೋಗಳು ಹೇಳಿದವು, ಅದು ಸುಳ್ಳು. ರೊಕ್ಕ ಕೊಟ್ಟು ಜಾಹೀರಾತು ಮಾಡಿ ಆ ವಿಡಿಯೋಗಳನ್ನು ಊರೂರಿಗೆ ಮುಟ್ಟಿಸಿದರು. ಸಣ್ಣ ಹೂಡಿಕೆದಾರರು ನುಗ್ಗಿ ಕೊಂಡರು, ಒಳಗಿನವರು ಮಾರಿ ಹೊರಬಂದರು. ಸೆಬಿ 2023ರ ಮಾರ್ಚ್‌ನಲ್ಲಿ ಮಧ್ಯಂತರ ಆದೇಶ, 2025ರ ಮೇನಲ್ಲಿ ಅಂತಿಮ ಆದೇಶ ಕೊಟ್ಟಿತು. ಶಿಕ್ಷೆಯಾದವರಲ್ಲಿ ಹೆಸರಾಂತ ಹಿಂದಿ ನಟನೂ ಇದ್ದ. ಆದೇಶ ಬಂತು, ಸರಿ. ಆದರೆ 2022ರಲ್ಲಿ ಎತ್ತು ಮಾರಿದ ರೊಕ್ಕ ಹಾಕಿದವನಿಗೆ ಆ ರೊಕ್ಕವನ್ನು ತಂದು ಕೊಡುವವರು ಯಾರು?

"ಒಳಗಿನ ಖಬರ್" ಎಂದು ಬಂದ ಸಂದೇಶ ಸುಳ್ಳಿದ್ದರೆ ನೀವು ಮುಳುಗುತ್ತೀರಿ. ಖರೇ ಇದ್ದರೆ ಅದನ್ನು ಬಳಸಿದ ನೀವೇ ಅಪರಾಧಿ. ಎರಡರಲ್ಲಿ ಒಂದೂ ನಿಮಗೆ ಒಳ್ಳೆಯದಲ್ಲ, ಹಾಗಾಗಿ ಆ ಗುಂಪಿನಿಂದ ಹೊರಗೆ ಬನ್ನಿ. ಅಂಥ ಸಂದೇಶವನ್ನು ಗೆಳೆಯರಿಗೆ ಕಳಿಸಲೂ ಬೇಡಿ. ಕಳಿಸಿದವರೂ ಆ ಮೋಸದ ಕೊಂಡಿ ಆಗುತ್ತಾರೆ.

ಇದಕ್ಕಿಂತ ನನಗೆ ಹೆಚ್ಚು ಭಯ ಇರುವುದು ಇನ್ನೊಂದರ ಬಗ್ಗೆ. ಹಳ್ಳಿಯ ಹುಡುಗನ ಹತ್ತಿರ ಒಬ್ಬ ಬಂದು, "ನಿನ್ನ ಆಧಾರ್, ಪ್ಯಾನ್ ಕೊಡು, ನಿನ್ನ ಹೆಸರಲ್ಲಿ ಡಿಮ್ಯಾಟ್ ತೆರಿತೀವಿ, ತಿಂಗಳಿಗೆ ಇಷ್ಟು ಕೊಡ್ತೀವಿ, ನೀ ಏನೂ ಮಾಡೋದು ಬ್ಯಾಡ" ಎನ್ನುತ್ತಾನೆ. ಕೆಲಸ ಇಲ್ಲದ ಹುಡುಗನಿಗೆ ಕೂತು ಬರುವ ರೊಕ್ಕ ಚಂದ ಕಾಣುತ್ತದೆ. ಬೆಲೆ ಏರಿಸುವ ಆಟಕ್ಕೆ ಇಂಥ ಬಾಡಿಗೆ ಖಾತೆಗಳೇ ಬೇಕು. ನಾಳೆ ನೋಟಿಸ್ ಬಂದಾಗ ಅದರ ಮೇಲೆ ಇರುವುದು ನಿಮ್ಮ ಹೆಸರು, ನಿಮ್ಮ ಅಪ್ಪನ ಹೆಸರು, ನಿಮ್ಮ ಊರು. ಖಾತೆ ನನ್ನದು, ಆಟ ಅವರದು ಎಂದು ಸಾಬೀತು ಮಾಡುವ ಹೊರೆ ನಿಮ್ಮ ತಲೆ ಮೇಲೆ. ಅಷ್ಟೊತ್ತಿಗೆ ಆ ಮನುಷ್ಯನ ಫೋನು ಸ್ವಿಚ್ ಆಫ್. ಬ್ಯಾಂಕ್ ಖಾತೆಯಾಗಲಿ, ಡಿಮ್ಯಾಟ್ ಆಗಲಿ, ಸಿಮ್ ಆಗಲಿ, ಮಾವನ ಮಗ ಬಂದು ಕೇಳಿದರೂ ಕೊಡಬೇಡಿ.

ಒಂದು ಮಾತು ಈ ನಿಯಮಗಳ ಮಿತಿಯ ಬಗ್ಗೆಯೂ ಹೇಳಬೇಕು. ದೊಡ್ಡವರನ್ನು ಬಿಟ್ಟು ಸಣ್ಣವರನ್ನು ಹಿಡಿಯುತ್ತಾರೆ ಎಂದು ನೀವು ಹೇಳುತ್ತೀರಿ. ಪೂರ್ತಿ ಹಾಗಿಲ್ಲ. 2025ರ ಜುಲೈನಲ್ಲಿ ಅಮೆರಿಕದ ಜೇನ್ ಸ್ಟ್ರೀಟ್ ಎಂಬ ದೈತ್ಯ ಸಂಸ್ಥೆ ಸೂಚ್ಯಂಕದ ಬೆಲೆ ತಿರುಚಿದ ಆರೋಪದ ಮೇಲೆ ಸೆಬಿ 4,843 ಕೋಟಿ ರೂಪಾಯಿ ತಡೆಹಿಡಿದು ಆದೇಶ ಕೊಟ್ಟಿತು. ಆ ಸಂಸ್ಥೆ ಆರೋಪ ಒಪ್ಪಿಲ್ಲ, ಮೇಲ್ಮನವಿಗೆ ಹೋಯಿತು. ಅದೇನೇ ಇರಲಿ, ಬೆಲೆ ಏರೀತೋ ಇಳಿದೀತೋ ಎಂದು ಪಣ ಕಟ್ಟುವ ಆಪ್ಷನ್ ಆಟದಲ್ಲಿ ನಿಮ್ಮ ಎದುರಿಗೆ ಕೂತವರು ಎಂಥವರು ಎಂಬುದು ಇದರಿಂದ ತಿಳಿಯಲಿ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಆಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ನಷ್ಟ ಮಾಡಿಕೊಂಡರು ಎಂದು ಸೆಬಿಯ ಅಧ್ಯಯನವೇ ಹೇಳಿದೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತು. ಕಳ್ಳರಿಂದ ಕಾಯಲು ಕಾನೂನು ಇದೆ, ಈ ಆಟಕ್ಕೆ ಸಾಲ ಮಾಡಿ ಇಳಿಯುವವನನ್ನು ಯಾವ ಕಾನೂನೂ ಕಾಯಲಾರದು. ಸಾಲ ಮಾಡಿ, ಹೊಲ ಒತ್ತೆ ಇಟ್ಟು ಈ ಆಟಕ್ಕೆ ಇಳಿಯಬೇಡಿ, ಕೈ ಮುಗಿದು ಹೇಳುತ್ತೇನೆ.

ಮೋಸ ಹೋದರೆ ನಾಚಿಕೊಂಡು ಕೂರಬೇಡಿ. ಬ್ರೋಕರ್ ಅಥವಾ ಕಂಪನಿಯ ಮೇಲಿನ ದೂರಿಗೆ ಸೆಬಿಯ ಸ್ಕೋರ್ಸ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಸೆಬಿಯ ಉಚಿತ ಸಹಾಯವಾಣಿ 1800 266 7575. ಆನ್‌ಲೈನ್‌ನಲ್ಲಿ ರೊಕ್ಕ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಎಷ್ಟು ಬೇಗ ಹೇಳುತ್ತೀರೋ ರೊಕ್ಕ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ಸಲಹೆ ಕೊಡುವವನು ಸೆಬಿಯಲ್ಲಿ ನೋಂದಾಯಿತನೇ ಎಂದು ಸೆಬಿಯ ತಾಣದಲ್ಲೇ ನೋಡಬಹುದು, ಎರಡು ನಿಮಿಷದ ಕೆಲಸ.

ನೌಕರಿಯ ಆರ್ಡರ್ ಕೈಗೆ ಬಂದ ದಿನ ಪೇಡೆ ಹಂಚುತ್ತೀರಲ್ಲ, ಅದೇ ದಿನ ಮನೆಯವರನ್ನೆಲ್ಲ ಕೂರಿಸಿ ಒಂದು ಮಾತು ಹೇಳಿಬಿಡಿ: ಕಂಪನಿಯ ಷೇರಿನ ವಿಷಯ ನನ್ನನ್ನು ಯಾರೂ ಕೇಳಬೇಡ್ರಿ, ನಾನು ಹೇಳೂದಿಲ್ಲ. ಮೊದಲ ದಿನವೇ ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಹಿರಿಯರೇ, ಕಾಕಾಗಳೇ, ಮಾವಂದಿರೇ, ನೀವೂ ಆ ಮಕ್ಕಳನ್ನು ಕೇಳಬೇಡಿ.